ಮನೆ ಮುಂದೆ ಬೇರಿಕಾಯಿ ಮರವೋ, ಹುಲ್ಲುಹಾಸೋ?

ಈ ಸಲ ಬರೀತಿರೋದು ಬೆಳೆ ವಿಷಯ ಅಲ್ಲ, ಮನೆ ಮುಂದಿನ ಎರಡು ಗುಂಟೆ ಜಾಗದ ವಿಷಯ. ಆದರೂ ಲೆಕ್ಕ ಹಾಕ್ತಾ ಹೋದ ಹಾಗೆ ಅದು ಬೋರಿನ ನೀರಿನ ವಿಷಯಾನೇ ಆಯ್ತು. ನಂದಿ ಬೆಟ್ಟದ ಸುತ್ತಮುತ್ತ ನಮ್ಮಂಥ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು ನಡೀತಿದೆ, ಅದಕ್ಕೇ ಉದ್ದ ಆದರೂ ಪೂರ್ತಿ ಬರೆದಿದ್ದೀನಿ.

ನನ್ನ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಹೋದ ಹಬ್ಬಕ್ಕೆ ಬಂದಾಗ ಹೇಳಿದ, "ಅಪ್ಪ, ಕಣ ಸುಮ್ನೆ ಬಿದ್ದಿದೆ. ಪೂರ್ತಿ ಲಾನ್ ಹಾಕ್ಸೋಣ, ಮಧ್ಯದಲ್ಲಿ ಒಂದು ಪೇರ್ ಮರ ನಿಲ್ಸೋಣ. ಪಕ್ಕದಲ್ಲಿ ಎರಡು ರೂಮು ಕಟ್ಟಿದ್ರೆ ಶನಿವಾರ ಭಾನುವಾರ ಜನ ಬಂದು ಉಳ್ಕೋತಾರೆ. ನಡೆದ್ರೆ ನಾನೂ ಕೆಲಸ ಬಿಟ್ಟು ಊರಿಗೇ ಬಂದ್ಬಿಡ್ತೀನಿ."

ಆ ಕೊನೇ ಮಾತು ಇದೆಯಲ್ಲ, ಅದಕ್ಕೆ ಉತ್ತರ ಕೊಡೋದು ಕಷ್ಟ. ಮಗ ವಾಪಸ್ ಬರ್ತೀನಿ ಅಂದಾಗ ಬೇಡ ಅನ್ನೋಕೆ ಯಾವ ಅಪ್ಪನಿಗೆ ಬಾಯಿ ಬರುತ್ತೆ? ನಮ್ಮ ಮನೆಯವಳು ಆಗಲೇ ಹ್ಞೂಂ ಅಂದಿದ್ಲು. ನಾನು ಹ್ಞೂಂ ಅಂತಲೂ ಅನ್ನಲಿಲ್ಲ, ಉಹ್ಞೂಂ ಅಂತಲೂ ಅನ್ನಲಿಲ್ಲ. ಒಂದು ನೋಟ್ ಬುಕ್ ತಗೊಂಡು ಕೂತೆ.

ಮೊದಲು ಹುಲ್ಲಿನ ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಇದೊಂದು ನೆನಪಿಟ್ಟರೆ ಮಿಕ್ಕಿದ್ದೆಲ್ಲ ಸಲೀಸು. ನಮ್ಮ ಕಡೆ ಬೇಸಿಗೆಯಲ್ಲಿ ಹಸಿರಾಗಿರೋ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರ್ ಆಸುಪಾಸು ಬೇಕು. ಒಂದು ಗುಂಟೆ ಅಂದರೆ 1089 ಚದರ ಅಡಿ, ಹೆಚ್ಚೂ ಕಡಿಮೆ 100 ಚದರ ಮೀಟರ್. ಅಲ್ಲಿಗೆ ಗುಂಟೆಗೆ ದಿನಕ್ಕೆ 500 ಲೀಟರ್, ನಮ್ಮ ಎರಡು ಗುಂಟೆಗೆ ಸಾವಿರ ಲೀಟರ್. ಫೆಬ್ರವರಿಯಿಂದ ಮೇವರೆಗೆ 120 ದಿನ ಹಿಡಿದರೆ 1,20,000 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ಇಪ್ಪತ್ತು ಲೋಡು!

ಕರೆಯೋ ಹಸು ಬೇಸಿಗೆಯಲ್ಲಿ ದಿನಕ್ಕೆ 70–80 ಲೀಟರ್ ಕುಡಿಯುತ್ತೆ ಅಂತ ಇಟ್ಕೊಳ್ಳಿ. ಮನೆ ಮುಂದಿನ ಹುಲ್ಲು ಹನ್ನೆರಡು ಹಸು ಕುಡಿಯೋಷ್ಟು ನೀರು ಕುಡಿದು, ಒಂದು ಲೋಟ ಹಾಲೂ ಕೊಡಲ್ಲ. ಅದೇ ನೀರು ಎರಡು ಗುಂಟೆ ಹಿಪ್ಪುನೇರಳೆಗೆ ಬಿಟ್ಟರೆ ಹುಳಕ್ಕೆ ಸೊಪ್ಪಾದರೂ ಆಗುತ್ತೆ. ನಮ್ಮ ಬೋರು 1200 ಅಡಿ. ಬರೋದು ಒಂದೂವರೆ ಇಂಚು, ಅದೂ ತ್ರೀ ಫೇಸ್ ಕರೆಂಟು ಇರೋ ಹೊತ್ತಲ್ಲಿ ಮಾತ್ರ.

ಇಷ್ಟು ಹೇಳಿ ಹುಲ್ಲನ್ನ ಬೈದು ಮುಗಿಸಿದರೆ ನ್ಯಾಯ ಆಗಲ್ಲ. ಹುಲ್ಲಿನಿಂದ ಉಪಯೋಗ ಇದೆ. ಗಾಳಿಗೆ ಕೆಂಪು ಧೂಳು ಎದ್ದು ಮನೆಯೊಳಗೆ ಬರಲ್ಲ. ಜೋರು ಮಳೆಗೆ ಅಂಗಳದ ಮಣ್ಣು ಕೊಚ್ಚಿ ಹೋಗಲ್ಲ. ಮೊಮ್ಮಕ್ಕಳು ಬಿದ್ದರೂ ಮಂಡಿ ತರಚಲ್ಲ. ಸಂಜೆ ಹೊತ್ತು ಬರಿಗಾಲಲ್ಲಿ ನಡೆದರೆ ತಂಪು. ಇನ್ನೊಂದು ತಮಾಷೆ ಕೇಳಿ. ಕಾಸು ಕೊಟ್ಟು ತರೋ ಮೆಕ್ಸಿಕನ್, ಕೊರಿಯನ್ ಹುಲ್ಲಿನ ಜೊತೆಗೆ ನರ್ಸರಿಯವರು ಬರ್ಮುಡಾ ಅಂತ ಒಂದು ಹುಲ್ಲು ಮಾರ್ತಾರಲ್ಲ, ಅದು ನಮ್ಮ ಗರಿಕೆ ಜಾತಿನೇ. ರಾಗಿ ಹೊಲದಲ್ಲಿ ಬೇರು ಸಮೇತ ಕಿತ್ತು ಬದುವಿಗೆ ಎಸೀತೀವಿ, ಗಣೇಶನ ಹಬ್ಬದ ದಿನ ಹುಡುಕ್ಕೊಂಡು ಹೋಗಿ ತರ್ತೀವಿ. ಗರಿಕೆಯ ಗುಣ ಏನಂದ್ರೆ, ನೀರಿಲ್ಲದಿದ್ದರೆ ಒಣಗಿ ಕಂದು ಬಣ್ಣ ಆಗುತ್ತೆ, ಸಾಯಲ್ಲ. ಮಳೆ ಬಿದ್ದ ಒಂದೆರಡು ವಾರಕ್ಕೆ ಮತ್ತೆ ಹಸಿರು. ಅಂದರೆ ವರ್ಷವಿಡೀ ಹಸಿರು ಬೇಕು ಅನ್ನೋ ಆಸೆಗೆ ಅಷ್ಟು ನೀರು, ಹುಲ್ಲು ಬದುಕೋದಕ್ಕಲ್ಲ.

ಈಗ ಮರದ ಲೆಕ್ಕ. ಮರ ಕಮ್ಮಿ ನೀರು ಕುಡಿಯುತ್ತೆ ಅಂತ ಸುಮಾರು ಜನ ಹೇಳ್ತಾರೆ. ಹಾಗೇನಿಲ್ಲ. 12 ಅಡಿ ಅಗಲ ಹರಡಿದ ಹಣ್ಣಿನ ಮರಕ್ಕೂ ಬೇಸಿಗೆಯಲ್ಲಿ ದಿನಕ್ಕೆ 40–50 ಲೀಟರ್ ಬೇಕು. ನೆರಳು ಬೀಳೋ ಜಾಗದ ಲೆಕ್ಕದಲ್ಲಿ ಹುಲ್ಲಿಗೂ ಮರಕ್ಕೂ ಅಂಥಾ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ಬೇರಲ್ಲಿ. ಕುಳ್ಳಗೆ ಕತ್ತರಿಸೋ ಹುಲ್ಲಿನ ಬೇರು ಬಹುಪಾಲು ಮೇಲಿನ ಅರ್ಧ ಅಡಿಯಲ್ಲೇ ಇರುತ್ತೆ, ನಾಲ್ಕು ದಿನ ಕರೆಂಟು ಕೈಕೊಟ್ಟರೆ ಬಾಡುತ್ತೆ. ಮರದ ಬೇರು ಕೆಳಗಿಳಿದಿರುತ್ತೆ, ಹತ್ತು ಹದಿನೈದು ದಿನ ತಡ್ಕೊಳ್ಳುತ್ತೆ. ಜೊತೆಗೆ ಎರಡು ಗುಂಟೆಯಲ್ಲಿ ಒಂದೋ ಎರಡೋ ಮರಕ್ಕೆ ಮಾತ್ರ ನೀರು ಕೊಡ್ತೀವಿ, ಪೂರ್ತಿ ನೆಲಕ್ಕಲ್ಲ. ಮನೆಯ ಪಶ್ಚಿಮಕ್ಕೆ ನೆಟ್ಟರೆ ಮಧ್ಯಾಹ್ನದ ಬಿಸಿಲು ಗೋಡೆಗೆ ಬೀಳಲ್ಲ, ಒಳಗೆ ತಂಪು.

ಆದರೆ ಮಗ ಕೇಳಿದ್ದು ಪೇರ್ ಮರ. ಪುಸ್ತಕದಲ್ಲಿ ಮರಸೇಬು ಅಂತ ಬರೀತಾರೆ, ನಾವು ಬೇರಿಕಾಯಿ ಅಂತೀವಿ. ಮಳೆಗಾಲದಲ್ಲಿ ತಳ್ಳುಗಾಡಿಯಲ್ಲಿ ಬರುತ್ತಲ್ಲ, ಗಟ್ಟಿಗೆ, ಕಚ್ಚಿದರೆ ಕಟುಂ ಅನ್ನೋದು, ಉಪ್ಪು ಖಾರ ಹಚ್ಚಿ ತಿಂತೀವಲ್ಲ, ಅದೇ. ನಮ್ಮಲ್ಲಿಗೆ ಅದು ಊಟಿ, ಕೊಡೈಕೆನಾಲ್ ಕಡೆಯಿಂದ ಬರುತ್ತೆ. ಆ ಊರುಗಳು ಸುಮಾರು 7000 ಅಡಿ ಎತ್ತರದಲ್ಲಿವೆ. ನಂದಿ ಬೆಟ್ಟದ ತುದಿಯೇ 4850 ಅಡಿ, ನಮ್ಮ ಹೊಲ ಇರೋದು ಅದರ ಬುಡದಲ್ಲಿ.

ಎತ್ತರ ಯಾಕೆ ಮುಖ್ಯ ಅಂದರೆ ಚಳಿ. ಈ ಜಾತಿ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತವೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ಇಷ್ಟು ಗಂಟೆ ಅಂತ ಸಿಕ್ಕರೇನೇ ಸರಿಯಾಗಿ ಎದ್ದು ಹೂ ಬಿಡೋದು. ಕಾಶ್ಮೀರ, ಹಿಮಾಚಲದ ಕಡೆ ಬೆಳೆಯೋ ಮೆತ್ತನೆ ತಳಿಗಳಿಗೆ ಸಾವಿರ ಗಂಟೆ ಹತ್ತಿರ ಬೇಕು. ಪಂಜಾಬಿನ ಬಯಲಲ್ಲಿ ಪತ್ಥರ್‌ನಾಕ್ ಅಂತ ಒಂದು ಗಟ್ಟಿ ತಳಿ ಬೆಳೀತಾರೆ. ಅದಕ್ಕೆ ಕಮ್ಮಿ ಚಳಿ ಸಾಕು, ಅಲ್ಲಿನ ಚಳಿಗಾಲ ಅಷ್ಟನ್ನು ಕೊಡುತ್ತೆ. ನಮ್ಮದು? ಬೆಂಗಳೂರಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೆಟ್ಟದ ಬುಡದಲ್ಲಿ ಅದಕ್ಕಿಂತ ಒಂದೆರಡು ಡಿಗ್ರಿ ಕಮ್ಮಿ ಅಂತಲೇ ಇಟ್ಕೊಂಡರೂ ಗಂಟೆಗಟ್ಟಲೆ, ವಾರಗಟ್ಟಲೆ ಎಲ್ಲಿ ಸಿಗುತ್ತೆ? ಗಿಡ ಬೆಳೆಯುತ್ತೆ, ಎಲೆ ಚೆನ್ನಾಗಿ ಬಿಡುತ್ತೆ, ಕಾಯಿ ನಂಬೋ ಹಾಗಿಲ್ಲ. ಅಲ್ಲದೆ ಬಹಳ ತಳಿಗಳು ಒಂಟಿ ಮರ ಆದರೆ ಕಾಯಿ ಕಚ್ಚೋದು ಕಮ್ಮಿ, ಪಕ್ಕದಲ್ಲಿ ಬೇರೆ ತಳಿಯದೊಂದು ಹೂ ಬಿಟ್ಟಿರಬೇಕು.

ನರ್ಸರಿಯವರು ತೋರಿಸೋ ಫೋಟೋದಲ್ಲಿ ಇನ್ನೊಂದು ವಿಷಯ ಕಾಣಲ್ಲ. ಹುಲ್ಲು ಮತ್ತು ಎಳೇ ಮರ ಒಂದೇ ಜಾಗದಲ್ಲಿ ದಾಯಾದಿಗಳು. ಮೊದಲ ಮೂರು ನಾಲ್ಕು ವರ್ಷ ಬುಡದವರೆಗೂ ಹುಲ್ಲು ಬಿಟ್ಟರೆ ಹಾಕಿದ ನೀರು, ಗೊಬ್ಬರ ಅದೇ ಮೇಲಿಂದ ಮೇಲೆ ಎಳ್ಕೊಳ್ಳುತ್ತೆ, ಗಿಡ ಕುಂಟುತ್ತೆ. ಹುಲ್ಲು ಕತ್ತರಿಸೋ ಮೆಷಿನ್ನು ಬುಡದ ತೊಗಟೆಗೆ ತಾಗಿ ಗಾಯ ಮಾಡೋದು ಬೇರೆ. ಮರ ದೊಡ್ಡದಾದ ಮೇಲೆ ಸೇಡು ತೀರಿಸ್ಕೊಳ್ಳುತ್ತೆ, ನೆರಳಲ್ಲಿ ಗರಿಕೆ ಬರಲ್ಲ, ನೆಲ ಬೋಳು. ಎರಡೂ ಬೇಕು ಅಂದರೆ ಬುಡದ ಸುತ್ತ ಮೂರು ಅಡಿ ಹುಲ್ಲಿಲ್ಲದ ಪಾತಿ ಇರಲಿ, ಒಣ ಎಲೆಯೋ ರಾಗಿ ಹುಲ್ಲೋ ಮುಚ್ಚಿಗೆ ಹಾಕಿ. ಮುಚ್ಚಿಗೆ ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ದೂರ ಬಿಡಿ. ನಮ್ಮ ಕೆಂಪು ಮಣ್ಣಲ್ಲಿ ಗೆದ್ದಲು ಬೇಗ ಹತ್ತುತ್ತೆ.

ಮುಂದಿನ ಭಾನುವಾರ ಮಗ ಬಂದಾಗ ನೋಟ್ ಬುಕ್ ಅವನ ಮುಂದೆ ಇಟ್ಟೆ. ಇಪ್ಪತ್ತು ಟ್ಯಾಂಕರ್ ಲೆಕ್ಕ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರೆ ಏನೂ ಬೇಡ ಅಂತೀಯಾ?" ಅಂದ. ಮುಖ ಸಣ್ಣದಾಗಿತ್ತು. "ನೀನು ಬರೋದು ಬೇಕು ಕಣೋ, ಅದಕ್ಕೇ ಲೆಕ್ಕ ಹಾಕಿದ್ದು" ಅಂದೆ. "ಬೋರು ಒಣಗಿದ ತೋಟಕ್ಕೆ ಬಂದು ನೀನು ಏನು ಮಾಡ್ತೀಯಾ? ಬರೋ ನೆಂಟರಿಗೆ ತಾನೇ ಏನು ತೋರಿಸ್ತೀಯಾ?"

ಆಮೇಲೆ ಮೂವರೂ ಕೂತು ಮಾತಾಡಿದ್ವಿ. ತೀರ್ಮಾನ ಆಗಿದ್ದು ಹೀಗೆ. ಜಗಲಿ ಮುಂದೆ 10 ಅಡಿ ಅಗಲ 20 ಅಡಿ ಉದ್ದ ಮಾತ್ರ ಹುಲ್ಲು, ಅದೂ ನಮ್ಮ ಬದುವಿನ ಗರಿಕೆಯೇ. ಅದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 90 ಲೀಟರ್ ಸಾಕು, ಬಚ್ಚಲ ನೀರು ಅಷ್ಟು ಬಂದೇ ಬರುತ್ತೆ. ಮರಳು, ಜಲ್ಲಿ ತುಂಬಿದ ಗುಂಡಿಯಲ್ಲಿ ಸೋಸಿ ಬಿಡೋದು. ಪಶ್ಚಿಮಕ್ಕೆ ಒಂದು ಸೀಬೆ, ಒಂದು ಸಪೋಟ, ಎರಡಕ್ಕೂ ಡ್ರಿಪ್. ಇವು ನಮ್ಮ ಹವೆಗೆ ಕಾಯಿ ಕೊಡೋ ಮರಗಳು. ಬಂದವರು ಕೈಯಾರೆ ಕಿತ್ತು ತಿಂದರೆ ಅವರಿಗೂ ಖುಷಿ. ಉಳಿದ ಕಣ ಕಣವಾಗೇ ಇರುತ್ತೆ. ರಾಗಿ ಬಡಿಯೋ ಕಾಲಕ್ಕೆ ಬೇಕೇ ಬೇಕಲ್ಲ, ಪೇಟೆಯವರು ಅದನ್ನೂ ನಿಂತು ನೋಡ್ತಾರೆ ಅಂತ ಮಗನೇ ಹೇಳಿದ.

ಬೇರಿಕಾಯಿ ಪೂರ್ತಿ ಬಿಡಲಿಲ್ಲ. ಮಗನ ಆಸೆಗೆ ಕಮ್ಮಿ ಚಳಿ ಸಾಕಾಗೋ ತಳಿಯದು ಒಂದು ಕಸಿ ಗಿಡ ಮೂಲೆಯಲ್ಲಿ ನೆಟ್ಟಿದ್ದೀವಿ. ಕಾಯಿ ಬಿಟ್ಟರೆ ಬಿಡಲಿ, ಬಿಡದಿದ್ದರೆ ನೆರಳಾಯ್ತು. ಯಾರಾದರೂ ಎಕರೆಗಟ್ಟಲೆ ಪೇರ್ ಹಾಕಿ ಅಂತ ಗಿಡ ಮಾರೋಕೆ ಬಂದರೆ ಮಾತ್ರ ದುಡ್ಡು ಕೊಡೋ ಮುಂಚೆ ಒಂದು ಮಾತು ಕೇಳಿ, "ನಮ್ಮ ತಾಲ್ಲೂಕಲ್ಲಿ ಕಾಯಿ ಬಿಟ್ಟಿರೋ ಮರ ಎಲ್ಲಿದೆ, ತೋರಿಸಿ."

ರೂಮಿನ ಪಾಯ ಇನ್ನೂ ಹಾಕಿಲ್ಲ. ಮಗ ಈಗ ಹದಿನೈದು ದಿನಕ್ಕೊಮ್ಮೆ ಬಂದು ಡ್ರಿಪ್ ನೋಡಿ ಹೋಗ್ತಾನೆ. ನಿಮ್ಮಲ್ಲಿ ಯಾರ ಹಿತ್ತಲಲ್ಲಾದರೂ ಹಳೇ ಬೇರಿಕಾಯಿ ಮರ ಇದ್ದರೆ, ಯಾವ ತಿಂಗಳು ಎಲೆ ಉದುರುತ್ತೆ, ಹೂ ಬಿಡುತ್ತಾ, ಕಾಯಿ ನಿಲ್ಲುತ್ತಾ, ದಯವಿಟ್ಟು ತಿಳಿಸಿ. ಬಂದು ನೋಡ್ಕೊಂಡು ಹೋಗ್ತೀನಿ.