ಗಾಜಿನ ಬೆವರು

ಗೃಹನಿರ್ಮಾಣದಲ್ಲಿ ಕಾಲಕ್ಕೆ ತಕ್ಕ ಮಾರ್ಪಾಡುಗಳಾಗುವುದು ಸಹಜವೇ ಸರಿ. ಆದರೆ ಹಳೆಯದನ್ನು ಬಿಡುವಾಗ ಅದು ಯಾವ ಪ್ರಯೋಜನಕ್ಕಾಗಿ ಇದ್ದಿತೆಂಬುದನ್ನು ವಿಚಾರಮಾಡದಿದ್ದರೆ, ಆ ಪ್ರಯೋಜನವೂ ಅದರೊಡನೆಯೇ ಹೊರಟುಹೋಗುತ್ತದೆ. ನಂಜನಗೂಡು ಸೀಮೆಯ ತೊಟ್ಟಿಯ ಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ಅಂಗಳವೂ, ಅಡಿಗೆಮನೆಯಲ್ಲಿ ಹೊಗೆ ಹೋಗುವ ಗವಾಕ್ಷಿಯೂ, ಹಿತ್ತಿಲ ಕಡೆಗೆ ಬಚ್ಚಲಮನೆಯೂ ಇರುತ್ತಿದ್ದುವು. ಹೆಂಚಿನ ಸಂದುಗಳಲ್ಲಿಯೂ ಗಾಳಿಯಾಡುತ್ತಿದ್ದಿತು. ಈಗಿನ ತಾರಸಿಮನೆಗಳಲ್ಲಿ ಸ್ನಾನದ ಕೋಣೆಯು ಮಲಗುವ ಕೋಣೆಗೇ ಹೊಂದಿಕೊಂಡಿದೆ, ಕಿಟಕಿಗಳಿಗೆ ಗಾಜು ಬಂದಿದೆ, ಸಂದುಗಳೆಲ್ಲ ಮುಚ್ಚಿಹೋಗಿವೆ.

ಚಿಕ್ಕಯ್ಯನಛತ್ರದ ಇಂತಹ ಒಂದು ಹೊಸ ಮನೆಯಲ್ಲಿ ಮಾರ್ಗಶಿರ, ಪುಷ್ಯಮಾಸಗಳ ಬೆಳಗಿನಲ್ಲಿ ಗಾಜೆಲ್ಲ ಬೆವರಿ, ನೀರು ಚೌಕಟ್ಟಿಗೆ ಇಳಿಯುತ್ತಿದ್ದಿತು. ಕೆಲವು ವಾರಗಳಲ್ಲಿ ಮೂಲೆಗಳಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಂಡಿತು. ಆ ಕಿಟಕಿಯ ಪಕ್ಕದಲ್ಲಿಯೇ ಐದು ವರ್ಷದ ಮೊಮ್ಮಗನ ಹಾಸಿಗೆ, ಬಾಲಕನಿಗೆ ಉಬ್ಬಸ. ಶೀತ ತಗಲೀತೆಂಬ ಭಯದಿಂದ ತಾಯಿಯು ಕಿಟಕಿಗಳನ್ನು ಮತ್ತಷ್ಟು ಭದ್ರಪಡಿಸಿದಳು. ಬೆವರು ಮತ್ತಷ್ಟು ಹೆಚ್ಚಿತು.

“ಮಾವ, ಹೊರಗಿನ ಇಬ್ಬನಿ ಒಳಕ್ಕೆ ಬರುತ್ತಿದೆ” ಎಂದು ಆಕೆ ಹೇಳಿದಳು.

“ಹೊರಗಿನದಾದರೆ ಗಾಜಿನ ಹೊರಮೈ ತಾನೆ ಒದ್ದೆಯಾಗಬೇಕು, ತಾಯಿ? ಒಳಮೈಯನ್ನು ಮುಟ್ಟಿ ನೋಡು” ಎಂದರು ವೃದ್ಧರು.

ಇಬ್ಬನಿಯು ಆಕಾಶದಿಂದ ಬೀಳುವುದೆಂದು ಬಹುಕಾಲ ಅನೇಕರು ನಂಬಿದ್ದರು. ರಾತ್ರಿಯಲ್ಲಿ ಹುಲ್ಲು ಗಾಳಿಗಿಂತಲೂ ತಣ್ಣಗಾಗಿ, ತನ್ನನ್ನು ಸೋಂಕಿದ ಗಾಳಿಯಲ್ಲಿನ ಆವಿಯನ್ನು ನೀರಾಗಿಸುವುದೆಂದು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪ್ರಯೋಗಪೂರ್ವಕವಾಗಿ ನಿರೂಪಿಸಿದನು. ಕಿಟಕಿಯ ಗಾಜಿಗೂ ಇದೇ ನ್ಯಾಯ. ಒಂದು ಘನಮೀಟರ್ ಗಾಳಿಯು 25 ಡಿಗ್ರಿ ಉಷ್ಣದಲ್ಲಿ ಸುಮಾರು 23 ಗ್ರಾಂ ಆವಿಯನ್ನು ಧರಿಸಬಲ್ಲುದು. 15 ಡಿಗ್ರಿಗೆ ಇಳಿದರೆ ಸುಮಾರು 13 ಗ್ರಾಂ ಮಾತ್ರ. ಮಿಕ್ಕದ್ದು ನೀರಾಗಿಯೇ ತೀರಬೇಕು.

ಆ ಆವಿ ಎಲ್ಲಿಂದ ಬಂದಿತು? ಮಲಗಿದವರ ಉಸಿರಿನಿಂದ, ಬಿಸಿನೀರಿನ ಸ್ನಾನದಿಂದ, ಒಳಗೆ ಹರವಿದ ಒದ್ದೆ ಬಟ್ಟೆಗಳಿಂದ, ಮುಚ್ಚಳವಿಲ್ಲದೆ ಕುದಿಯುವ ಎಸರಿನಿಂದ. ಗ್ಯಾಸಿನ ಒಲೆಯೂ ಇದಕ್ಕೆ ಕಾರಣವೆಂಬುದು ಹಲವರಿಗೆ ತಿಳಿಯದು: ಒಂದು ಕಿಲೋ ಗ್ಯಾಸು ಉರಿದರೆ ಸುಮಾರು ಒಂದೂವರೆ ಕಿಲೋ ನೀರಿನ ಆವಿ ಹುಟ್ಟುತ್ತದೆ. ಆದಕಾರಣ 14.2 ಕಿಲೋ ತೂಕದ ಒಂದು ಸಿಲಿಂಡರು ಮುಗಿಯುವುದರೊಳಗಾಗಿ ಇಪ್ಪತ್ತು ಲೀಟರಿಗೂ ಹೆಚ್ಚು ನೀರು ಮನೆಯ ಗಾಳಿಗೆ ಸೇರಿರುತ್ತದೆ.

ಪರಿಹಾರವು ಕಷ್ಟವಾದುದಲ್ಲ. ಆವಿಯು ಹುಟ್ಟಿದಲ್ಲಿಯೇ ಅದನ್ನು ಹೊರಕ್ಕೆ ಕಳುಹಬೇಕು. ಉಳಿದುದಕ್ಕೆ ದಾರಿಯನ್ನು ಬಿಡಬೇಕು. ಆ ಮನೆಯಲ್ಲಿ ಸ್ನಾನದ ಕೋಣೆಯ ಬಾಗಿಲನ್ನು ಮುಚ್ಚಿ ಅದರ ಕಿಟಕಿಯನ್ನು ತೆರೆದರು. ಅಡಿಗೆಯ ವೇಳೆಯಲ್ಲಿ ಹೊಗೆ ಸೆಳೆಯುವ ಫ್ಯಾನನ್ನು ನಡೆಸಿದರು. ಬಟ್ಟೆಗಳನ್ನು ತಾರಸಿಗೆ ಸಾಗಿಸಿದರು. ಸೊಳ್ಳೆಯ ಭಯಕ್ಕೆ ಜಾಲರಿ ಹಾಕಿಸಿ, ಎದುರುಬದುರಾದ ಎರಡು ಕಿಟಕಿಗಳ ಮೇಲ್ಭಾಗವನ್ನು ರಾತ್ರಿಯೆಲ್ಲ ಎರಡು ಅಂಗುಲ ತೆರೆದಿಟ್ಟರು. ಬೂಷ್ಟನ್ನು ಸಾಬೂನಿನ ನೀರಿನಿಂದ ತೊಳೆದು, ಒಣಗಿಸಿ, ಬಾಲಕನ ಹಾಸಿಗೆಯನ್ನು ಕಿಟಕಿಯಿಂದ ದೂರಕ್ಕೆ ಸರಿಸಿದರು. ಎಂದಾದರೂ ಗಾಜು ಬೆವರಿದರೆ ಬೆಳಿಗ್ಗೆಯೇ ಒಣಬಟ್ಟೆಯಿಂದ ಒರಸುವುದೂ ರೂಢಿಗೆ ಬಂದಿತು.

ಉಬ್ಬಸಕ್ಕೆ ವೈದ್ಯರ ಔಷಧವು ನಡೆದೇ ಇದೆ. ಅದನ್ನು ಗಾಳಿಯೊಂದೇ ಗುಣಪಡಿಸುವುದೆಂದು ಯಾರೂ ಭಾವಿಸಬಾರದು. ಆದರೆ ಉಬ್ಬಸವುಳ್ಳವರಿಗೆ ಬೂಷ್ಟು ಅಪಾಯಕರವೆಂಬುದರಲ್ಲಿ ಸಂದೇಹವಿಲ್ಲ. ಮಕ್ಕಳನ್ನು ಶೀತದಿಂದ ಕಾಪಾಡುವುದಕ್ಕೆ ಕಂಬಳಿಯಿದೆ; ಅದಕ್ಕಾಗಿ ಗಾಳಿಯನ್ನು ತಡೆಯಬೇಕಾದುದಿಲ್ಲ. ಹೊಸದಾಗಿ ಮನೆ ಕಟ್ಟಿಸುವ ಗೃಹಸ್ಥರು ನಕ್ಷೆಯನ್ನು ಬರೆಯಿಸುವಾಗಲೇ ಬೆಳಕಿಗೆ ದಾರಿಯನ್ನು ಕೇಳುವಂತೆ ಆವಿಗೂ ಒಂದು ದಾರಿಯನ್ನು ಕೇಳಿ ಇರಿಸಿಕೊಳ್ಳುವುದು ಲೇಸು.