ತಂತಿಗೆ ಚುಚ್ಚಿದ ಕಾಗದಗಳು

ಚಿಕ್ಕಪ್ಪನ ಕಾಗದ ಬಂದರೆ ಓದುವ ಕೆಲಸ ನನ್ನದು. 1971ರಲ್ಲಿ ನಾನು ಐದನೇ ಕ್ಲಾಸು. ತಾತ ಜಗಲಿಯ ಮೇಲೆ, ಅಜ್ಜಿ ಹೊಸ್ತಿಲಲ್ಲಿ, ಚಿಕ್ಕಮ್ಮ ಬಾಗಿಲ ಹಿಂದೆ. ‘ತೀರ್ಥರೂಪು ತಂದೆಯವರಿಗೆ’ ಎಂದು ಶುರುವಾಗಿ, ಉಭಯ ಕುಶಲೋಪರಿ ಮುಗಿದದ್ದೇ ತಡ ಲೆಕ್ಕಕ್ಕೆ ಇಳಿಯುತ್ತಿತ್ತು: ಮನಿಆರ್ಡರ್ ಮಾಡಿದ 60 ರೂಪಾಯಿಯಲ್ಲಿ ಸೊಸೈಟಿಗೆ ಎಷ್ಟು ಕಟ್ಟಿದಿರಿ, ಕೆಂದ ಹಸು ಕರು ಹಾಕಿತೆ, ಮೇಲಿನ ಗದ್ದೆಗೆ ನೀರು ಬಂತೆ. ಕೊನೆಗೆ ‘ಮನೆಯಲ್ಲಿ ಎಲ್ಲರಿಗೂ ತಿಳಿಸುವುದು.’ ಆ ‘ಎಲ್ಲರ’ಲ್ಲಿ ಚಿಕ್ಕಮ್ಮ ತನ್ನ ಪಾಲನ್ನು ತಾನೇ ಹುಡುಕಿಕೊಳ್ಳಬೇಕು.

ಬಾಂಗ್ಲಾ ಯುದ್ಧದ ಸುದ್ದಿ ಮಾತ್ರ ಒಂದಕ್ಷರ ಇಲ್ಲ. ಚಿಕ್ಕಪ್ಪ ಸೈನ್ಯದಲ್ಲಿ, ಬೆಂಗಳೂರಿನ ಎಂಇಜಿ ಎಂಜಿನಿಯರ್ ದಳದಿಂದ ಹೋದ ಸ್ಯಾಪರ್. ಊರಿನ ಹೆಸರಿರಬೇಕಾದ ಕಡೆ ‘99 ಎಪಿಒ’ ಎಂದಷ್ಟೇ. ಪೂರ್ವದ ಗಡಿಯಲ್ಲಿದ್ದವರ ಸೈನಿಕ ಅಂಚೆಯ ವಿಳಾಸ ಅದು, ಪಶ್ಚಿಮದವರದು 56. ‘ಈ ಎಪಿಒ ಕಾಶಿಗಿಂತ ದೂರವೇನೋ?’ ಎಂದು ತಾತ ಒಮ್ಮೆ ಪೋಸ್ಟ್‌ಮನ್ನನ್ನು ಕೇಳಿದ್ದ. ಅಧಿಕಾರಿಗಳ ಕಣ್ಣು ದಾಟಿ ಬರಬೇಕಾದ ಕಾಗದದಲ್ಲಿ ಇನ್ನೇನು ಬರೆಯುವುದು? ಒಂದರಲ್ಲಿ ಮಾತ್ರ, ಇಲ್ಲಿ ಕಾಲಿಟ್ಟಲ್ಲೆಲ್ಲ ಹೊಳೆ, ಭತ್ತ ನಮ್ಮ ಕಡೆಯಂತೆಯೇ, ಎಂದಿತ್ತು. ಆ ನವೆಂಬರ್ 15ರಿಂದ ಕಾಗದಗಳಿಗೆ ನಿರಾಶ್ರಿತರ ಪರಿಹಾರದ 5 ಪೈಸೆ ಸ್ಟಾಂಪು ಬೇರೆ ಅಂಟಿಸಬೇಕಾಯಿತು. ತಾತ ಅದಕ್ಕೂ ಗೊಣಗಿದ. ಡಿಸೆಂಬರ್ 3ರಿಂದ 16ರವರೆಗೆ ಯುದ್ಧ; ಕಾಗದ ಬರಲಿಲ್ಲ. ಬರಬಹುದಾಗಿದ್ದದ್ದು ತಂತಿ. ಪೋಸ್ಟ್‌ಮನ್ ಸೈಕಲ್ಲು ನಮ್ಮ ಬೀದಿಗೆ ತಿರುಗಿದರೆ ಅಜ್ಜಿ ಒಳಗೆ ಹೋಗಿಬಿಡುತ್ತಿದ್ದಳು.

ಓದಿ ಮುಗಿದದ್ದನ್ನು ತಾತ ಗೋಡೆಯ ಕೊಕ್ಕೆ ತಂತಿಗೆ ಚುಚ್ಚುತ್ತಿದ್ದ, ಕಂದಾಯದ ರಸೀದಿಗಳ ಜೊತೆಗೇ. ಪ್ರೀತಿಗಲ್ಲ, ಲೆಕ್ಕಕ್ಕೆ. ಚಿಕ್ಕಪ್ಪ ನೆಟ್ಟಗೆ ವಾಪಸು ಬಂದ. ಹದಿಮೂರು ವರ್ಷದ ಮೇಲೆ ಮನೆ ಪಾಲಾದಾಗ ಹಿರಿಯರು ಅದೇ ತಂತಿ ಬಿಚ್ಚಿ, ಅವನು ಕಳಿಸಿದ ದುಡ್ಡು ಕೂಡಿಸಿ, ಮೇಲಿನ ಗದ್ದೆಯನ್ನು ಅವನಿಗೆ ಬರೆದರು. ಅಪ್ಪ ಎರಡು ವರ್ಷ ತಮ್ಮನ ಜೊತೆ ಮಾತು ಬಿಟ್ಟಿದ್ದ. ಕಾಗದಗಳು ಉಳಿದಿರುವುದು ಈ ಜಗಳದ ಪುಣ್ಯದಿಂದ.

ಈಗ ಚಿಕ್ಕಪ್ಪನ ಮೊಮ್ಮಗ ಸೈನ್ಯದಲ್ಲಿದ್ದಾನೆ. ಸಿಗ್ನಲ್ ಸಿಕ್ಕ ರಾತ್ರಿ ವಿಡಿಯೊ ಕಾಲ್. ‘ಎಲ್ಲಿದ್ದೀಯೋ?’ ಎಂದರೆ ‘ಇಲ್ಲೇ ಅಜ್ಜಿ’ ಎನ್ನುತ್ತಾನೆ. ದುಡ್ಡು ಫೋನ್‌ಪೇಗೆ ಬೀಳುತ್ತದೆ. ಚಿಕ್ಕಮ್ಮ ಈಗ ಯಾವ ಬಾಗಿಲ ಹಿಂದೆಯೂ ನಿಲ್ಲುವುದಿಲ್ಲ. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೂಗಿ ಮಾತಾಡುತ್ತಾಳೆ.

ಯುದ್ಧ ನಿಂತ ಮೇಲೆ ಬಂದ ಮೊದಲ ಇನ್‌ಲ್ಯಾಂಡನ್ನು ಮೊನ್ನೆ ತೆಗೆದುಕೊಂಡು ಹೋಗಿದ್ದೆ. ರಜ ಯಾವ ತಿಂಗಳು ಸಿಗುತ್ತದೆ ಎಂದು ಬರೆದ ಕಡೆಯೇ ತಂತಿ ತೂರಿದೆ. ಸುತ್ತ ಕಾಸಿನಗಲ ತುಕ್ಕು. ‘ಇಲ್ಲಿ ಏನಿತ್ತು ಚಿಕ್ಕಮ್ಮ, ನೆನಪಿದೆಯಾ?’ ಎಂದೆ.

ಅವಳು ಕಾಗದದ ಕಡೆ ನೋಡಲೂ ಇಲ್ಲ. ‘ಫೆಬ್ರವರಿ’ ಎಂದಳು. ‘ಬಂದದ್ದು ಮೇ ತಿಂಗಳಲ್ಲಿ.’