177 ಲೀಟರಿನ ಸಂಸಾರ

ಕಾರಿನ ಡಿಕ್ಕಿಯನ್ನು ಲೀಟರಿನಲ್ಲಿ ಅಳೆಯುತ್ತಾರೆ ಎಂದರೆ ನಮ್ಮ ಅತ್ತೆ ಇವತ್ತಿಗೂ ನಂಬುವುದಿಲ್ಲ. ಹಾಲಿಗೆ ಲೀಟರು ಸರಿ, ಎಣ್ಣೆಗೆ ಲೀಟರು ಸರಿ. ಹಾಸಿಗೆ, ಪಾತ್ರೆ, ಡೇರೆಗೆ ಲೀಟರು ಅಂದರೆ ಅದ್ಯಾವ ಊರ ಲೆಕ್ಕ? ಆದರೆ ಕಂಪನಿಯವರ ಲೆಕ್ಕ ಇರುವುದೇ ಹಾಗೆ. ನಮ್ಮ ಆಲ್ಟೊ 800ರ ಡಿಕ್ಕಿ 177 ಲೀಟರು. ಬಚ್ಚಲ ಪಕ್ಕ ನೀರು ತುಂಬಿಡುವ ನೀಲಿ ಡ್ರಮ್ಮು ಇದಕ್ಕಿಂತ ದೊಡ್ಡದು. ಮೂವರು ದೊಡ್ಡವರು, ಒಬ್ಬ ಹುಡುಗ, ಬೆಟ್ಟದ ಮೇಲಿನ ಒಂದೆರಡು ರಾತ್ರಿ: ಇಷ್ಟೂ ಸಂಸಾರ ಅದರೊಳಗೇ ಹೊಂದಿಕೊಳ್ಳಬೇಕು.

ವಿಶಾಖಪಟ್ಟಣದ ಮಧುರವಾಡದಲ್ಲಿ ಮನೆ ಮಾಡಿದವರಿಗೆ ಬೆಟ್ಟದ ಹುಚ್ಚು ಹತ್ತದೆ ಇರುವುದು ಕಷ್ಟ. ಒಂದು ಕಡೆ ಋಷಿಕೊಂಡದ ಕಡಲು, ಇನ್ನೊಂದು ಕಡೆ ಕಂಬಾಲಕೊಂಡದ ಕಾಡು. ಆನಂದಪುರಂ, ಎಸ್. ಕೋಟ ದಾಟಿ ಘಾಟಿ ಏರಿದರೆ ಅನಂತಗಿರಿ, ಅರಕು. ಬೇರೆ ದಾರಿ ಹಿಡಿದರೆ ಪಾಡೇರು, ವಂಜಂಗಿ, ಲಂಬಸಿಂಗಿ. ಬೆಳಿಗ್ಗೆ ಕಡಲ ಸೆಕೆಯಲ್ಲಿ ಬೆವೆತವರು ಸಂಜೆಗೆ ಹಲ್ಲು ಕಟಕಟಿಸಬಹುದು. ಡಿಸೆಂಬರ್ ಬಂತೆಂದರೆ ನಮ್ಮ ಕಾರ್ ಶೆಡ್ ಜಂಕ್ಷನ್ನಿನಲ್ಲೇ ಗೊತ್ತಾಗುತ್ತದೆ: ನೆತ್ತಿಯ ಮೇಲೆ ಗಂಟುಮೂಟೆ ಹೊತ್ತ ದೊಡ್ಡ ದೊಡ್ಡ ಕಾರುಗಳು.

ಕನ್ನಡ ನಾಡಿನಿಂದ ಬಂದು ಈ ಸೀಮೆಯಲ್ಲಿ ಬಿಡಾರ ಹೂಡಿದವರಲ್ಲಿ ನಾವು ಮೊದಲಿಗರೇನಲ್ಲ. ಕಳಿಂಗದ ದಂಡಯಾತ್ರೆಗೆ ಬಂದ ಕೃಷ್ಣದೇವರಾಯ 1516ರಲ್ಲಿ ಸಿಂಹಾಚಲದ ಗುಡಿಯಲ್ಲಿ ಶಾಸನ ಬರೆಸಿದ, ಪೊಟ್ನೂರಿನಲ್ಲಿ ಜಯಸ್ತಂಭ ನಿಲ್ಲಿಸಿದ. ಆಗಿನ ಸಾಮಾನಿನ ಪಟ್ಟಿ ನಮಗೆ ಸಿಕ್ಕಿಲ್ಲ. ಆದರೆ ಮುಂದೆ ಅವನು ರಾಯಚೂರಿಗೆ ದಂಡೆತ್ತಿ ಹೋದ ವೈಭವವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಬಾಯಾರಿದವರಿಗೆ ನೀರು ಕೊಡಲೆಂದು ತೊಗಲಿನ ಚೀಲ ಹಿಡಿದು ದಾರಿಯುದ್ದಕ್ಕೂ ಕೂತವರೇ ಹತ್ತು ಹನ್ನೆರಡು ಸಾವಿರ ಮಂದಿಯಂತೆ. ಅಗಸರು, ವರ್ತಕರು ಬೇರೆ. ಊರನ್ನೇ ಎತ್ತಿಕೊಂಡು ಹೊರಡುವುದು ರಾಯರ ಪದ್ಧತಿ.

ನಮ್ಮ ಯಜಮಾನರು ರಾಯರ ಪಂಥದವರು. ಮಡಚುವ ಮೇಜು, ಮಡಚುವ ಕುರ್ಚಿ, ಹಣೆಗೆ ಕಟ್ಟುವ ದೀಪ. ದೀಪಕ್ಕೊಂದು ಪವರ್ ಬ್ಯಾಂಕು, ಪವರ್ ಬ್ಯಾಂಕಿಗೊಂದು ಸೋಲಾರ್ ಹಾಳೆ. ಸೂರ್ಯ ಮುಳುಗಿದ ಮೇಲೆ ಬೆಳಕು ಬೇಕೆಂದು ಹೊರಟವರು ತಿರುಗಿ ಸೂರ್ಯನ ಹತ್ತಿರವೇ ಬಂದು ನಿಂತರು. ಮಡಚಿದ್ದೆಲ್ಲ ಚಿಕ್ಕದಾಗುತ್ತದೆ ಎನ್ನುವುದು ಅಂಗಡಿಯವರು ಹಬ್ಬಿಸಿದ ಮಾತು. ಮಡಚಿದ ಕುರ್ಚಿ ಚಿಕ್ಕದಾಗುವುದಿಲ್ಲ, ಉದ್ದವಾಗುತ್ತದೆ.

ಚಿಕ್ಕ ಕಾರಿಗೆ ಸಾಮಾನು ಆರಿಸುವಾಗ ಬೆಲೆ ಆಮೇಲೆ, ತೂಕವೂ ಆಮೇಲೆ, ಮೊದಲು ಆಕಾರ. ಗಾಳಿಗೆ ಎಸೆದರೆ ತಾನೇ ಬಿಚ್ಚಿಕೊಳ್ಳುವ ಡೇರೆಗೆ ನಮ್ಮ ಹುಡುಗ ಮರುಳಾಗಿದ್ದ. ಅಂಗಡಿಯಲ್ಲಿ ನೋಡಲು ಅದು ಇಂದ್ರಜಾಲವೇ. ಆದರೆ ಮಡಚಿದ ಮೇಲೂ ಅದು ಒಂದೂವರೆ ಮೊಳ ಅಗಲದ ಚಕ್ರ. ಡಿಕ್ಕಿಯಲ್ಲಿ ಅಡ್ಡ ಇಟ್ಟರೆ ಬಾಗಿಲು ಮುಚ್ಚದು, ನಿಲ್ಲಿಸಿದರೆ ಹಿಂದಿನ ಗಾಜು ಕಾಣದು. ಕೋಲು ಬಿಚ್ಚಿ ಜೋಡಿಸುವ ಸಾದಾ ಡೇರೆಯೇ ನಮ್ಮಂಥವರಿಗೆ ಸರಿ: ಬಟ್ಟೆ ಒಂದು ಕಡೆ, ಕೋಲು ಸೀಟಿನ ಕೆಳಗೆ, ಗೂಟ ಇನ್ನೆಲ್ಲೋ ಸಂದಿಯಲ್ಲಿ. ಸೂಟ್‌ಕೇಸು ಬೇಡವೇ ಬೇಡ. ಒತ್ತಿದ ಕಡೆಗೆ ಒಗ್ಗುವ ಬಟ್ಟೆಚೀಲ ಬೇಕು. ಹಗ್ಗವನ್ನು ಫಿಷಿಂಗ್ ಹಾರ್ಬರಿನ ಹತ್ತಿರದ ಅಂಗಡಿಯಲ್ಲಿ ಕೊಂಡರೆ ಆಯಿತು. ಕಡಲಿನ ಗಾಳಿಗೆ ದೋಣಿ ಕಟ್ಟುವ ನೈಲಾನು ಬೆಟ್ಟದ ಗಾಳಿಗೆ ಡೇರೆ ಹಿಡಿಯದೇ?

ತುಂಬುವುದಕ್ಕೂ ಕ್ರಮವಿದೆ. ಭಾರದ್ದು ತಳಕ್ಕೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಂತೆ, ಹಗುರದ್ದು ಮೇಲಕ್ಕೆ. ಮೊದಲು ಬೇಕಾಗುವ ಡೇರೆ ಕೊನೆಗೆ ಒಳಹೋಗಬೇಕು. ಸ್ಟೆಪ್ನಿ ಇರುವುದು ಡಿಕ್ಕಿಯ ತಳದಲ್ಲಿ ತಾನೆ? ಘಾಟಿಯಲ್ಲಿ ಪಂಕ್ಚರ್ ಆದರೆ ಇಡೀ ಸಂಸಾರವನ್ನು ರಸ್ತೆಗೆ ಇಳಿಸಬೇಕು. ಜಾಕು, ಪಾನಾ, ಗಾಳಿ ಪಂಪುಗಳಾದರೂ ಮುಂದಿನ ಸೀಟಿನ ಕೆಳಗಿದ್ದರೆ ಅರ್ಧ ಸಂಕಟ ಕಡಿಮೆ. ಕಾರಿನ ನೆತ್ತಿಗೆ ಮೂಟೆ ಕಟ್ಟುವ ಯೋಚನೆಯನ್ನು ಅನಂತಗಿರಿಯ ತಿರುವುಗಳೇ ಬಿಡಿಸುತ್ತವೆ. ಭಾರ ಮೇಲಕ್ಕೆ ಹೋದಷ್ಟೂ ಕಾರು ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ತುಂಬಿದ ಕಾರಿನ ಟೈರಿಗೆ ಎಷ್ಟು ಗಾಳಿ ಎಂಬುದನ್ನು ಚಾಲಕರ ಬಾಗಿಲ ಬಳಿ ಚೀಟಿ ಅಂಟಿಸಿ ಹೇಳಿರುತ್ತಾರೆ. ಇಳಿಯುವಾಗ ಎರಡನೇ ಗೇರು ಎಂಬುದನ್ನು ನಾವೇ ನೆನಪಿಟ್ಟುಕೊಳ್ಳಬೇಕು.

ಇನ್ನು ಚಳಿ. ಲಂಬಸಿಂಗಿ ಸುಮಾರು 1000 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಕೆಲವು ರಾತ್ರಿ ಅಲ್ಲಿ ಪಾದರಸ ಸೊನ್ನೆಯ ಹತ್ತಿರ ಸುಳಿಯುತ್ತದೆ. ಒಲೆಗೆ ಹಾಕುವ ಸಣ್ಣ ಡಬ್ಬಿಯೊಳಗಿನ ಬ್ಯೂಟೇನ್ ಆವಿಯಾಗುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿನಿಂದ ಮೇಲಕ್ಕೆ ಮಾತ್ರ. ಹಾಗಾಗಿ ನಸುಕಿನಲ್ಲಿ ನಮಗಿಂತ ಮೊದಲು ಒಲೆಯೇ ಮುದುಡಿಕೊಳ್ಳುತ್ತದೆ. ಡಬ್ಬಿಯನ್ನು ರಾತ್ರಿ ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿದರೆ ಬೆಳಿಗ್ಗೆ ಕಾಫಿ ಉಂಟು. ಮೈ ಕೊರೆಯುವ ಚಳಿ ಬರುವುದು ಆಕಾಶದಿಂದಲ್ಲ, ನೆಲದಿಂದ. ಹೊದಿಯುವುದಕ್ಕಿಂತ ಹಾಸುವುದು ಮುಖ್ಯ. ಇದನ್ನು ಯಜಮಾನರು ವಿಡಿಯೊ ನೋಡಿ ಕಲಿತರು. ಅತ್ತೆ ಚಳ್ಳಕೆರೆಯಿಂದ ಬರುವಾಗಲೇ ಕರಿ ಕಂಬಳಿ ತಂದಿದ್ದರು. ಹಾಸಲು ಅದೇ, ಹೊದೆಯಲು ಅದೇ, ತುಂತುರು ಬಂದರೆ ಕೊಪ್ಪೆ ಹಾಕಲು ಅದೇ, ದಾರಿಯಲ್ಲಿ ಹುಡುಗನ ದಿಂಬೂ ಅದೇ. ಒಂದೇ ಕೆಲಸ ಮಾಡುವ ವಸ್ತುವಿಗೆ ಚಿಕ್ಕ ಕಾರಿನಲ್ಲಿ ಟಿಕೆಟ್ಟಿಲ್ಲ. ಈ ನಿಯಮದಲ್ಲಿ ಮೇಜು ಮನೆಯಲ್ಲಿ ಉಳಿಯಿತು, ಕಂಬಳಿ ಗೆದ್ದಿತು.

ಅತ್ತೆ ಸೋತದ್ದು ಕಾಫಿಯಲ್ಲಿ. ಚಟ್ನಿಪುಡಿ, ಮಂಡಕ್ಕಿ ಕಾರಿಗೆ ಹತ್ತಿದವು. ಫಿಲ್ಟರು, ಚಿಕ್ಕಮಗಳೂರಿನ ಪುಡಿಯ ಡಬ್ಬಿ ಹತ್ತುವಾಗ ತಡೆದೆ.

"ಅತ್ತೆ, ಅರಕಿನಲ್ಲೇ ಕಾಫಿ ಬೆಳೀತಾರೆ. ಅಲ್ಲಿಗೂ ನಮ್ಮ ಪುಡಿ ಹೊತ್ಕೊಂಡು ಹೋಗೋದಾ?"

"ಅವರ ಕಾಫಿ ಅವರಿಗೆ, ನಮ್ಮ ಕಾಫಿ ನಮಗೆ ಕಣಮ್ಮ."

ಚಿಕ್ಕಮಗಳೂರಿನ ಅರೇಬಿಕಾಕ್ಕೂ ಅರಕು ಕಣಿವೆಯ ಅರೇಬಿಕಾಕ್ಕೂ ಭೌಗೋಳಿಕ ಗುರುತು ಸಿಕ್ಕಿದ್ದು 2019ರಲ್ಲಿ, ಒಟ್ಟಿಗೇ. ಸರ್ಕಾರವೇ ಒಂದೇ ಪಂಕ್ತಿಯಲ್ಲಿ ಕೂರಿಸಿದೆ ಎಂದ ಮೇಲೆ ಅತ್ತೆ ಡಬ್ಬಿ ಕೆಳಗಿಟ್ಟರು. ಫಿಲ್ಟರು ಮಾತ್ರ ಬಿಡಲಿಲ್ಲ.

ರಾಯರ ಪದ್ಧತಿಗೆ ಎದುರು ಪದ್ಧತಿಯೂ ನಮ್ಮ ಹತ್ತಿರದಲ್ಲೇ ಇದೆ. ಭೀಮಿಲಿ ರಸ್ತೆಯಲ್ಲಿ ಮಂಗಮಾರಿಪೇಟದ ಮೇಲಿನ ತೊಟ್ಲಕೊಂಡ ಸುಮಾರು 2000 ವರ್ಷದ ಹಿಂದಿನ ಬೌದ್ಧ ವಿಹಾರ. 1976ರಲ್ಲಿ ನೌಕಾಪಡೆಯವರು ನೆಲೆ ಹುಡುಕುತ್ತ ವಿಮಾನದಿಂದ ನೋಡುವಾಗ ಕಣ್ಣಿಗೆ ಬಿದ್ದ ಜಾಗ. ಅಲ್ಲಿ ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿಗಳನ್ನು ಈಗಲೂ ನೋಡಬಹುದು. ಭಿಕ್ಷುವಿಗೆ ಪರಿಕರ ಎಂಟೇ: ಮೂರು ಚೀವರ, ಒಂದು ಪಾತ್ರೆ, ಸೊಂಟಪಟ್ಟಿ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ. ಆಲ್ಟೊದ ಡಿಕ್ಕಿಯಲ್ಲಿ ಇಡೀ ಒಂದು ಸಂಘದ ಸಾಮಾನು ಹಿಡಿಸೀತು. ಮೊದಲ ಸಲ ಈ ಪಟ್ಟಿ ಓದಿದಾಗ ನನಗೆ ಅದರಲ್ಲಿ ವೈರಾಗ್ಯವೇ ಕಂಡಿತ್ತು. ಡಿಕ್ಕಿ ತುಂಬಿ ತುಂಬಿ ಬೇರೊಂದು ಕಾಣತೊಡಗಿತು. ಪಟ್ಟಿಯಲ್ಲಿ ಪಾತ್ರೆ ಇದೆ, ಅಕ್ಕಿ ಇಲ್ಲ. ಅಕ್ಕಿ ಊರಿನವರ ಮನೆಯಲ್ಲಿದೆ. ನಾಳೆಗೆಂದು ಕೂಡಿಡುವಂತೆಯೂ ಇಲ್ಲ. ಆದ್ದರಿಂದ ದಿನವೂ ಯಾರದೋ ಬಾಗಿಲಿಗೆ ಹೋಗಿ ನಿಲ್ಲಲೇಬೇಕು. ಹಗುರವಾಗಿ ನಡೆಯುವವನಿಗೆ ಜನ ಬೇಕು.

ರಾಯರ ಪದ್ಧತಿಯ ದೊಡ್ಡ ಕಾರಿನವರು ಬೆಟ್ಟದ ಮೇಲೆ ಯಾರನ್ನೂ ಮಾತಾಡಿಸಬೇಕಿಲ್ಲ. ನೀರು ಅವರದೇ, ಇದ್ದಿಲು ಅವರದೇ, ಹಾಡೂ ಅವರದೇ. ನಮಗೆ ಆ ಸುಖವಿಲ್ಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ಎಂದರೆ ಇಪ್ಪತ್ತು ಕಿಲೋ. ಅದು ಹತ್ತಿದರೆ ಹುಡುಗ ಇಳಿಯಬೇಕು. ಹಾಗಾಗಿ ಕುಡಿಯುವ ನೀರಿನ ಬಾಟಲಿ ಬಿಟ್ಟರೆ ಉಳಿದ ನೀರು ಮೇಲೆಯೇ. ಕಾಡಿನಲ್ಲಿ ಕಂಡಲ್ಲಿ ಡೇರೆ ಹಾಕುವಂತಿಲ್ಲ, ಕಾಡಿನ ಕಟ್ಟಿಗೆ ಮುಟ್ಟುವಂತೆಯೂ ಇಲ್ಲ. ಜಾಗ ಬಾಡಿಗೆಗೆ ಕೊಡುವವರ ಅಂಗಳವೇ ಗತಿ. "ಅಕ್ಕಾ, ಕಟ್ಟೆಲು ಉನ್ನಾಯಾ?" ಎಂದು ನನ್ನ ಕನ್ನಡದ ತೆಲುಗಿನಲ್ಲಿ ಕೇಳಿದರೆ, ಆ ಅಕ್ಕ ತನ್ನ ಮನೆಮಾತಲ್ಲದ ತೆಲುಗಿನಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರದೂ ಎರವಲು ಮಾತು. ವ್ಯವಹಾರಕ್ಕೆ ಏನೂ ಕೊರತೆಯಿಲ್ಲ. ಕಟ್ಟಿಗೆಯ ಜೊತೆಗೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಡೇರೆಯ ಬಾಗಿಲು ಎತ್ತ ಇರಲಿ ಎಂಬ ಬುದ್ಧಿಯೂ ಸಿಗುತ್ತದೆ. ಬಿದಿರಿನ ಅಂಡೆಯಲ್ಲಿ ಕೋಳಿ ಸುಡುವವನ ಹತ್ತಿರ ಊಟ, ಸಂತೆಯಲ್ಲಿ ರಾಗಿ, ಪಾಡೇರಿನ ಕಡೆಯ ಅರಿಶಿನ. ಅತ್ತೆ ಅರಿಶಿನದ ಕೊಂಬು ಮುರಿದು ಮೂಸಿ, ಕನ್ನಡದಲ್ಲೇ ಚೌಕಾಸಿ ಮಾಡಿ, ಗೆದ್ದು ಬರುತ್ತಾರೆ.

ಈಗ ನಾನು ಎರಡು ಪಟ್ಟಿ ಬರೆಯುತ್ತೇನೆ. ಒಂದರಲ್ಲಿ ಒಯ್ಯಬೇಕಾದ್ದು: ಔಷಧಿ, ಡೇರೆ, ಕಂಬಳಿ, ಟಾರ್ಚು, ನಮ್ಮ ಕಸ ನಾವೇ ವಾಪಸು ತರುವ ಚೀಲ. ಇನ್ನೊಂದರಲ್ಲಿ ಅಲ್ಲಿ ಕೇಳಿ ಪಡೆಯಬೇಕಾದ್ದು, ಯಾರನ್ನು ಕೇಳಬೇಕು ಎಂಬುದರ ಸಮೇತ. ಎರಡನೆಯದು ಬೆಳೆದಷ್ಟೂ ಮೊದಲನೆಯದು ಇಳಿಯುತ್ತ ಬಂದಿದೆ, ಘಾಟಿಯಲ್ಲಿ ಆಲ್ಟೊದ ಏದುಸಿರೂ ಕಡಿಮೆಯಾಗಿದೆ. ಯಜಮಾನರ ತೆಲುಗು ಮಾತ್ರ ಇನ್ನೂ ಕೂತುಕೊಳ್ಳಲು ಮಣೆ ಕೇಳುವಷ್ಟು ಬೆಳೆದಿಲ್ಲ. ಮಡಚುವ ಕುರ್ಚಿಯೊಂದು ಇವತ್ತಿಗೂ ಡಿಕ್ಕಿಯಲ್ಲೇ ಇದೆ.